ಊಖೀಮಠದಿಂದ ತುಂಗನಾಥಕ್ಕೆ: ಒಂದು ದಿನದ ಹಿಮದ ಚಾರಣ ಸೇವೆ ಹೇಗಿತ್ತು?

ಜನವರಿ ಕೊನೆಯ ವಾರದಲ್ಲಿ ನಾನೂ ನನ್ನ ಗೆಳತಿಯೂ ಉತ್ತರಾಖಂಡದ ಊಖೀಮಠದ ಒಂದು ಸಣ್ಣ ಚಾರಣ ಸಂಸ್ಥೆಯ ಮೂಲಕ ಚೋಪ್ತಾದಿಂದ ತುಂಗನಾಥದವರೆಗೆ ಹಿಮದಲ್ಲಿ ನಡೆದು, ಅದೇ ದಿನ ಸಂಜೆ ಹಿಂದಿರುಗಿದೆವು. ಬೆಳಗಿನ ಜಾವ ಕರೆದೊಯ್ದು ಕತ್ತಲಾಗುವ ಮುನ್ನ ತಂದುಬಿಡುವ ಜೀಪು, ಒಬ್ಬ ಗೈಡ್, ಮಧ್ಯಾಹ್ನದ ಬುತ್ತಿ, ಬೂಟು, ಬೂಟಿನೊಳಗೆ ಹಿಮ ಇಳಿಯದಂತೆ ತಡೆಯುವ ಗೇಟರ್ ಮತ್ತು ಕೋಲುಗಳ ಬಾಡಿಗೆ ಎಲ್ಲವೂ ಸೇರಿ ನಾವು ತಲಾ 3,200 ರೂಪಾಯಿ ಕೊಟ್ಟೆವು. ಇಬ್ಬರೂ ಐವತ್ತು ದಾಟಿದವರು. ನಾನು ಸಾಗರದ ಕಡೆಯವಳು, ಅವಳು ಧಾರವಾಡದವಳು. ಕೊಡಚಾದ್ರಿ, ಕುದುರೆಮುಖಗಳನ್ನು ಜೊತೆಯಾಗಿ ಹತ್ತಿದ್ದೆವೆಯೇ ಹೊರತು ಹಿಮದ ಮೇಲೆ ಕಾಲಿಟ್ಟವರಲ್ಲ. ಸಂಸ್ಥೆಯ ಹೆಸರನ್ನು ನಾನು ಬರೆಯುತ್ತಿಲ್ಲ. ಅದು ಎರಡು ಕೋಣೆಯ ಅಂಗಡಿ, ಚಳಿಗಾಲದ ನಾಲ್ಕು ತಿಂಗಳ ದುಡಿಮೆಯ ಮೇಲೆ ನಿಂತದ್ದು. ನನ್ನ ಎರಡು ಮೂರು ದೂರುಗಳಿಂದ ಯಾರ ಹೊಟ್ಟೆಯ ಮೇಲೂ ಹೊಡೆತ ಬೀಳಬಾರದು. ಇಂಥ ಸೇವೆಯನ್ನು ಎಲ್ಲಿಯೇ ಕೊಳ್ಳುವವರೂ ಏನನ್ನು ನೋಡಿ, ಏನನ್ನು ಕೇಳಿ ಹಣ ಕೊಡಬೇಕು ಎಂಬುದಷ್ಟೇ ನನ್ನ ವಿಷಯ.

ಚೋಪ್ತಾ ಇರುವುದು ರುದ್ರಪ್ರಯಾಗ ಜಿಲ್ಲೆಯಲ್ಲಿ, ಸುಮಾರು 2,700 ಮೀಟರ್ ಎತ್ತರದಲ್ಲಿ. ಅಲ್ಲಿಂದ ತುಂಗನಾಥ ದೇವಾಲಯಕ್ಕೆ ಕಲ್ಲು ಹಾಸಿದ ಸುಮಾರು ಮೂರೂವರೆ ಕಿಲೋಮೀಟರ್ ಏರುದಾರಿಯಿದೆ. ದೇವಾಲಯದ ಎತ್ತರವನ್ನು ಸಾಮಾನ್ಯವಾಗಿ 3,680 ಮೀಟರ್ ಎಂದು ಬರೆಯುತ್ತಾರೆ. ಪಂಚಕೇದಾರಗಳೆಂಬ ಐದು ಶಿವಾಲಯಗಳಲ್ಲಿ ಮೂರನೆಯದಾದ ಈ ಗುಡಿ ದೀಪಾವಳಿಯ ನಂತರ ಮುಚ್ಚುತ್ತದೆ, ಉತ್ಸವಮೂರ್ತಿ ಮಕ್ಕೂಮಠಕ್ಕೆ ಇಳಿಯುತ್ತದೆ, ವೈಶಾಖದ ಹೊತ್ತಿಗೆ ಮತ್ತೆ ಮೇಲೇರುತ್ತದೆ. ಗುಡಿಯಿಂದಾಚೆಗೆ ಇನ್ನೂ ಒಂದೂವರೆ ಕಿಲೋಮೀಟರ್ ಹತ್ತಿದರೆ ಚಂದ್ರಶಿಲಾ ಶಿಖರ. ಬೇಸಿಗೆಯಲ್ಲಿ ಚಪ್ಪಲಿ ಹಾಕಿಕೊಂಡ ಅಜ್ಜಿಯರೂ ಹತ್ತುವ ದಾರಿಯಿದು. ಚಳಿಗಾಲದಲ್ಲಿ ಕಲ್ಲುಹಾಸು, ಅಂಗಡಿಸಾಲು, ಕಟ್ಟೆ, ಬೇಲಿ ಎಲ್ಲವೂ ಹಿಮದಡಿ ಸೇರಿ, ದಾರಿ ಎಂಬುದು ಗೈಡಿನ ನೆನಪಿನಲ್ಲಿ ಮಾತ್ರ ಉಳಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಬೇಡವಾದ ಸೇವೆ ಚಳಿಗಾಲದಲ್ಲಿ ಬೇಕಾಗುತ್ತದೆ.

ಸೇವೆಯ ಮೊದಲ ದೋಷ ನಮಗೆ ಮೊಬೈಲಿನಲ್ಲೇ ಸಿಕ್ಕಿತು. ಬುಕಿಂಗ್‌ಗೂ ಮೊದಲು ಬಂದ ವಾಟ್ಸಾಪ್ ಸಂದೇಶದಲ್ಲಿ ಸೂರ್ಯನ ಚಿತ್ರದ ಪಕ್ಕ ‘ಚಂದ್ರಶಿಲಾ ಶಿಖರ ಖಚಿತ’ ಎಂದಿತ್ತು. ನಾವು ಅದನ್ನು ಓದಿ ಸಂತೋಷಪಟ್ಟೆವು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಹಿಮ, ಗಾಳಿ, ಬಂದವರ ಮೊಣಕಾಲು ಇವು ಮೂರೂ ಯಾರ ಮಾತನ್ನೂ ಕೇಳದ ಜಾಗದಲ್ಲಿ ‘ಖಚಿತ’ ಎಂಬ ಪದವನ್ನು ಬಳಸಲು ಯಾರಿಗೂ ಹಕ್ಕಿಲ್ಲ ಎಂದು ಈಗ ಅನ್ನಿಸುತ್ತದೆ. ಏಕೆಂದರೆ ಆ ಪದದ ಭಾರವನ್ನು ಹೊರುವವನು ಸಂದೇಶ ಕಳಿಸಿದವನಲ್ಲ, ಮರುದಿನ ಮೇಲೆ ನಿಂತು ‘ಆಗುವುದಿಲ್ಲ’ ಎನ್ನಬೇಕಾದ ಗೈಡ್.

ಹಿಂದಿನ ಸಂಜೆ ಐದು ಗಂಟೆಗೆ ಸಲಕರಣೆ ಅಳೆದು ಕೊಡುತ್ತೇವೆ ಎಂದು ಅಂಗಡಿಗೆ ಕರೆದಿದ್ದರು. ಈ ಪದ್ಧತಿ ಒಳ್ಳೆಯದು. ಬೆಳಗಿನ ಕತ್ತಲಲ್ಲಿ ಬೂಟು ಹುಡುಕುವ ಗಡಿಬಿಡಿ ತಪ್ಪುತ್ತದೆ. ಆದರೆ ಗೋಡೆಯ ಗೂಡಿನಲ್ಲಿ ಜೋಡಿಸಿದ್ದ ಬೂಟುಗಳಲ್ಲಿ ಅತಿ ಚಿಕ್ಕದರ ಅಳತೆ ಏಳು, ನನ್ನ ಪಾದ ಐದು. ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಂಡರೆ ಸರಿಹೋಗುತ್ತದೆ ಎಂದು ಮಾಲೀಕರು ಹೇಳಿದರು. ಅದು ಸರಿಹೋಗುವ ಮಾತಲ್ಲ. ಬೆರಳು ತುಂಬಿಕೊಂಡರೂ ಹಿಮ್ಮಡಿ ಏಳುತ್ತಲೇ ಇರುತ್ತದೆ, ಏಳುವ ಹಿಮ್ಮಡಿ ನಾಲ್ಕು ಗಂಟೆಯಲ್ಲಿ ಬೊಬ್ಬೆಯಾಗುತ್ತದೆ. ಕೈ ಒಳಗೆ ಹಾಕಿ ನೋಡಿದಾಗ ಅಟ್ಟೆಯ ತುದಿ ತಣ್ಣಗೆ, ತೇವವಾಗಿತ್ತು, ಹಿಂದಿನ ದಿನ ಅದನ್ನು ಧರಿಸಿದವರ ಬೆವರೋ ಕರಗಿದ ಹಿಮವೋ ಇನ್ನೂ ಆರಿರಲಿಲ್ಲ. ಒದ್ದೆ ಬೂಟಿನಲ್ಲಿ ಪಾದದ ಶಾಖ ಎಷ್ಟು ಬೇಗ ಸೋರಿಹೋಗುತ್ತದೆ ಎಂಬುದನ್ನು ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ ವಿವರಿಸಬೇಕಿಲ್ಲ. ಮಾಲೀಕರು ಬೂಟನ್ನು ಕೋಣೆ ಬೆಚ್ಚಗಿಡುವ ಒಲೆಯಾದ ಬುಖಾರಿಯ ಪಕ್ಕ ಇಡುತ್ತೇನೆಂದರು, ಇಟ್ಟರು ಸಹ. ಬೆಳಿಗ್ಗೆ ಹೊರಮೈ ಬಿಸಿಯಾಗಿತ್ತು, ಅಟ್ಟೆ ಹಾಗೇ ಇತ್ತು. ಗೆಳತಿ ಹುಬ್ಬಳ್ಳಿಯಲ್ಲಿ ಕೊಂಡು ಎರಡು ತಿಂಗಳು ಧರಿಸಿ ಪಳಗಿಸಿದ್ದ ತನ್ನದೇ ಬೂಟು ತಂದಿದ್ದಳು. ಅದು ಎಷ್ಟು ದೊಡ್ಡ ಬುದ್ಧಿವಂತಿಕೆಯಾಗಿತ್ತೆಂದು ಮರುದಿನ ಅವಳು ನನಗೆ ನೆನಪಿಸದೆ ಬಿಡಲಿಲ್ಲ.

ಗೇಟರ್ ಬಗ್ಗೆ ದೂರಿಲ್ಲ. ಬೂಟಿನ ಮೇಲಿನಿಂದ ಮೊಣಕಾಲಿನವರೆಗೆ ಸುತ್ತಿ, ಅಡಿಯಲ್ಲಿ ಪಟ್ಟಿ ಬಿಗಿದು, ಮೇಲೆ ಹಗ್ಗ ಎಳೆದು ಕಟ್ಟುವ ಈ ದಪ್ಪ ನೈಲಾನ್ ಹೊದಿಕೆ ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಒಂದು ಚಮಚ ಹಿಮ ಬೂಟಿನೊಳಗೆ ಇಳಿಯುತ್ತದೆ. ನಮ್ಮ ಗೈಡ್ ಆ ಸಂಜೆಯೇ ಬಂದು, ಕಟ್ಟುವುದನ್ನು ತಾನು ಮಾಡಿ ತೋರಿಸದೆ ನಮ್ಮಿಂದಲೇ ಎರಡು ಬಾರಿ ಮಾಡಿಸಿದ. ಕೊಕ್ಕೆ ಹೊರಮಗ್ಗುಲಿಗೆ ಬರಬೇಕು, ಒಳಮಗ್ಗುಲಿಗೆ ಬಂದರೆ ಇನ್ನೊಂದು ಕಾಲಿನ ಬೂಟಿನಡಿ ಕಟ್ಟುವ ಉಕ್ಕಿನ ಮುಳ್ಳಿಗೆ ಸಿಕ್ಕಿ ಎಡವುತ್ತೀರಿ ಎಂದು ಹೇಳಿದ. ಇಪ್ಪತ್ತೈದರ ಆಸುಪಾಸಿನ ಹುಡುಗ, ಮಾತು ಕಡಿಮೆ. ನಾವು ತಂದ ಬಟ್ಟೆಗಳನ್ನು ಒಂದೊಂದಾಗಿ ನೋಡಿ, ನನ್ನ ಹತ್ತಿಯ ಬನಿಯನ್ನನ್ನೂ ಜೀನ್ಸನ್ನೂ ಪಕ್ಕಕ್ಕಿಟ್ಟ. ಹತ್ತಿ ಬೆವರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ನಿಂತ ಕೂಡಲೇ ಮೈ ನಡುಗಿಸುತ್ತದೆ. ಒಳಗೆ ಉಣ್ಣೆ ಅಥವಾ ಥರ್ಮಲ್, ನಡುವೆ ಸ್ವೆಟರ್, ಹೊರಗೆ ಗಾಳಿ ತಡೆಯುವ ಜಾಕೆಟ್ ಇದ್ದರೆ ಸಾಕು ಎಂದ. ಇಷ್ಟನ್ನು ಸಂಸ್ಥೆಯವರು ಒಂದು ತಿಂಗಳು ಮೊದಲೇ ಅದೇ ವಾಟ್ಸಾಪ್‌ನಲ್ಲಿ ತಿಳಿಸಿದ್ದರೆ ನಾನು ಆ ರಾತ್ರಿ ಊಖೀಮಠದ ಅಂಗಡಿಯಲ್ಲಿ ದುಬಾರಿ ಬೆಲೆಗೆ ಥರ್ಮಲ್ ಕೊಳ್ಳಬೇಕಾಗಿರಲಿಲ್ಲ.

ಊಖೀಮಠದ ಬಗ್ಗೆ ಒಂದು ಮಾತು, ಕನ್ನಡದವರಿಗೆ ಅದು ಪರಊರು ಎನ್ನಿಸುವುದಿಲ್ಲವಾದ್ದರಿಂದ. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವುದು ಇಲ್ಲಿನ ಓಂಕಾರೇಶ್ವರ ದೇವಾಲಯದಲ್ಲಿ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠವೂ ಇಲ್ಲಿಯೇ ಇದೆ, ಕೇದಾರದ ಪ್ರಧಾನ ಅರ್ಚಕರಾದ ರಾವಲರು ಆ ಪರಂಪರೆಯವರು. ಸಂಜೆಯ ಆರತಿಗೆ ಹೋದಾಗ ಅಂಗಳದಲ್ಲಿ ಒಬ್ಬರು ನಮ್ಮ ಮಾತು ಕೇಳಿಸಿಕೊಂಡು ‘ಯಾವೂರವ್ವಾ?’ ಎಂದು ವಿಚಾರಿಸಿದರು. ತುಂಗನಾಥದಲ್ಲಿ ಮಾತ್ರ ಕ್ರಮ ಬೇರೆ, ಅಲ್ಲಿನ ಅರ್ಚಕರು ಮಕ್ಕೂಮಠದ ಸ್ಥಳೀಯ ಬ್ರಾಹ್ಮಣರು. ರಾತ್ರಿ ಊಟಕ್ಕೆ ತಂಗುಮನೆಯವರು ‘ಮಂಡುವಾ’ ರೊಟ್ಟಿ, ‘ಗಹತ್’ ದಾಲ್ ಎಂದು ವಿಶೇಷವಾಗಿ ಬಡಿಸಿದಾಗ ಗೆಳತಿ ತುತ್ತು ಬಾಯಿಗಿಟ್ಟು ನಕ್ಕಳು: ರಾಗಿ ರೊಟ್ಟಿ, ಹುರುಳಿ ಸಾರು. ಎರಡು ಸಾವಿರ ಕಿಲೋಮೀಟರ್ ಬಂದು ಮನೆಯ ಊಟವನ್ನೇ ಉಂಡು ಮಲಗಿದೆವು.

ಬೆಳಿಗ್ಗೆ ಐದೂವರೆಗೆ ಬರಬೇಕಾದ ಜೀಪು ಐದೂವರೆಗೇ ಬಂತು. ಚೋಪ್ತಾ ದಾರಿಯ ದುಗಲ್‌ಬಿಟ್ಟಾ ತಲುಪಿದಾಗ ರಸ್ತೆ ಬಿಳಿಯಾಗತೊಡಗಿತ್ತು. ಚಾಲಕ ಇಳಿದು, ಗ್ಲೌಸ್ ಕಳಚಿ ಬರಿಗೈಯಲ್ಲೇ ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತಿದ. ಇಪ್ಪತ್ತು ನಿಮಿಷದ ಕೆಲಸ, ನಡುನಡುವೆ ಬೆರಳುಗಳನ್ನು ಸೈಲೆನ್ಸರಿನ ಹೊಗೆಗೆ ಹಿಡಿಯುತ್ತಿದ್ದ. ಆ ಕೆಲಸಕ್ಕೆ ಅವನು ಹೆಚ್ಚಿಗೆ ಹಣ ಕೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಬನಿಯಾಕುಂಡದಿಂದ ಮುಂದೆ ಸರಪಳಿಯೂ ಕೈಕೊಟ್ಟಿತು. ಚೋಪ್ತಾವರೆಗಿನ ಉಳಿದ ಸುಮಾರು ಮೂರು ಕಿಲೋಮೀಟರನ್ನು ರಸ್ತೆಯಲ್ಲಿಯೇ ನಡೆಯಬೇಕಾಯಿತು, ಅಂದರೆ ಹೋಗಿಬರುವಾಗ ಒಟ್ಟು ಆರು. ಮೂರೂವರೆ ಕಿಲೋಮೀಟರ್ ಹತ್ತುವುದು, ಅಷ್ಟೇ ಇಳಿಯುವುದು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಬಂದವರಿಗೆ ಏಳು ಕಿಲೋಮೀಟರು ಹದಿಮೂರಾದರೆ ಅದು ಸಣ್ಣ ವ್ಯತ್ಯಾಸವಲ್ಲ. ಭಾರಿ ಹಿಮ ಬಿದ್ದ ದಿನಗಳಲ್ಲಿ ಹೀಗಾಗುವುದು ಅಲ್ಲಿಯವರಿಗೆಲ್ಲ ಗೊತ್ತಿದ್ದ ಸಂಗತಿ. ಬುಕಿಂಗ್ ಮಾಡುವವರಿಗೂ ಗೊತ್ತಾಗಬೇಕು.

ಆದರೆ ಆ ಮೂರು ಕಿಲೋಮೀಟರನ್ನು ಗೈಡ್ ಪಾಠಶಾಲೆಯಾಗಿ ಮಾಡಿಕೊಂಡ. ರಸ್ತೆ ಸಮತಟ್ಟು, ಬಿದ್ದರೂ ಪೆಟ್ಟಾಗದು, ಆದ್ದರಿಂದ ಇಲ್ಲಿಯೇ ಕಲಿಯಿರಿ ಎಂದ. ಏರುವಾಗ ಬೂಟಿನ ಮೂತಿಯಿಂದ ಹಿಮವನ್ನು ಒದ್ದು ಮೆಟ್ಟಿಲು ಮಾಡಿ ಅದರ ಮೇಲೆ ತೂಕ ಹಾಕುವುದು, ಇಳಿಯುವಾಗ ಹಿಮ್ಮಡಿಯನ್ನು ಊರಿ ಮೊಣಕಾಲನ್ನು ಸ್ವಲ್ಪ ಬಾಗಿಸುವುದು, ಓರೆಯಲ್ಲಿ ಹೋಗುವಾಗ ಕೋಲನ್ನು ಗುಡ್ಡದ ಕಡೆಗೆ ಹಿಡಿಯುವುದು, ಮುಂದೆ ಹೋದವರ ಹೆಜ್ಜೆಯ ಗುಂಡಿಯಲ್ಲೇ ಹೆಜ್ಜೆ ಇಡುವುದು. ನಾವು ಎರಡೆರಡು ಬಾರಿ ಬಿದ್ದೆವು. ‘ಎಲ್ಲಿ ಕಾಲಿಡ್ಲೆವಾ, ಎಲ್ಲಾ ಕಡೆ ಒಂದಽ ಥರಾ ಕಾಣ್ತದ’ ಎಂದು ಗೆಳತಿ ಗೊಣಗಿದಳು. ನಿಜವೇ, ಹಿಮದ ಮೇಲೆ ನೆರಳಿಲ್ಲದಾಗ ಏರು ಯಾವುದು, ತಗ್ಗು ಯಾವುದು ಕಣ್ಣಿಗೆ ತಿಳಿಯುವುದಿಲ್ಲ. ಬಿಸಿಲು ಬೆಟ್ಟದ ಈಚೆಗೆ ದಾಟಿದ ಮೇಲೆ ಪ್ರತಿಯೊಂದು ಉಬ್ಬಿಗೂ ನೀಲಿ ನೆರಳು ಹುಟ್ಟಿ ದಾರಿ ಬರೆದಂತಾಯಿತು.

ಚೋಪ್ತಾದಲ್ಲಿ ತೆರೆದಿದ್ದುದು ಒಂದೇ ಚಹಾದಂಗಡಿ. ಅಲ್ಲಿಂದ ಒಂಬತ್ತಕ್ಕೆ ಏರತೊಡಗಿದೆವು. ಮೊದಲ ಭಾಗ ಓಕ್ ಮತ್ತು ಬುರಾಂಶ್ ಮರಗಳ ಕಾಡು. ಮಾರ್ಚ್, ಏಪ್ರಿಲ್‌ನಲ್ಲಿ ಕೆಂಪು ಹೂವಿನಿಂದ ಬೆಂಕಿ ಹೊತ್ತಿದಂತೆ ಕಾಣುವ ಈ ಬುರಾಂಶ್ ಚಳಿಗಾಲದಲ್ಲಿ ತನ್ನ ಎಲೆಗಳನ್ನು ಉದ್ದಕ್ಕೆ ಬೀಡಿಯಂತೆ ಸುತ್ತಿ ಕೆಳಕ್ಕೆ ಇಳಿಬಿಟ್ಟಿರುತ್ತದೆ. ಚಳಿ ಹೆಚ್ಚಿದಷ್ಟೂ ಸುರುಳಿ ಬಿಗಿಯಾಗುತ್ತದೆ, ಬಿಸಿಲು ತಾಕಿದಾಗ ಸಡಿಲವಾಗುತ್ತದೆ. ಗೈಡಿಗೆ ಇದೇ ಥರ್ಮಾಮೀಟರ್. ಎಲೆಯೊಂದನ್ನು ಮುಟ್ಟಿ ನೋಡಿ, ಇನ್ನೂ ಒಂದು ಗಂಟೆ ಹಿಮ ಗಟ್ಟಿಯಾಗಿರುತ್ತದೆ, ಅಷ್ಟರಲ್ಲಿ ಕಾಡು ದಾಟೋಣ ಎಂದ. ರಾತ್ರಿ ಹೆಪ್ಪುಗಟ್ಟಿದ ಮೇಲ್ಪದರ ಬೆಳಗಿನ ಹೊತ್ತು ಮನುಷ್ಯನ ತೂಕವನ್ನು ಹೊರುತ್ತದೆ. ಬಿಸಿಲೇರಿದ ಮೇಲೆ ಅದೇ ಪದರ ಹಪ್ಪಳದಂತೆ ಮುರಿದು ಕಾಲು ತೊಡೆಯವರೆಗೆ ಹೂತುಹೋಗುತ್ತದೆ. ಬೆಳಗಿನ ಐದೂವರೆಯ ಹಠ ಯಾಕೆಂದು ನಮಗೆ ಆಗ ಅರ್ಥವಾಯಿತು.

ಗಟ್ಟಿ ಹಿಮಕ್ಕೆ ಬೇಕಾದದ್ದು ಮೈಕ್ರೋಸ್ಪೈಕ್, ಅಲ್ಲಿಯವರ ಬಾಯಲ್ಲಿ ಅದಕ್ಕೂ ಕ್ರಾಂಪಾನ್ ಎಂದೇ ಹೆಸರು. ರಬ್ಬರಿನ ಚೌಕಟ್ಟನ್ನು ಬೂಟಿನ ಸುತ್ತ ಎಳೆದು ಕೂರಿಸಿದರೆ ಅಡಿಯಲ್ಲಿ ಸರಪಳಿಯೂ ಸಣ್ಣ ಉಕ್ಕಿನ ಮುಳ್ಳುಗಳೂ ನೆಲ ಕಚ್ಚುತ್ತವೆ. ನನ್ನ ಎಡಗಾಲಿನ ರಬ್ಬರ್ ಹಳೆಯದಾಗಿ ಸಡಿಲಗೊಂಡಿತ್ತು. ಅದು ಮೂರು ಬಾರಿ ಕಳಚಿತು. ಮೂರನೆಯ ಬಾರಿ ಕಳಚಿದ್ದು ಹತ್ತು ಹೆಜ್ಜೆ ನಡೆದ ಮೇಲೆಯೇ ನನಗೆ ತಿಳಿದದ್ದು, ಏಕೆಂದರೆ ಒಂದು ಕಾಲು ಹಿಡಿಯುತ್ತಿತ್ತು, ಇನ್ನೊಂದು ಜಾರುತ್ತಿತ್ತು. ಗೈಡ್ ಹಿಂದಕ್ಕೆ ಹೋಗಿ ಹುಡುಕಿ ತಂದು, ತನ್ನ ಚೀಲದ ನೈಲಾನ್ ದಾರದಿಂದ ಪಾದದ ಮೇಲೆ ಎಂಟರ ಆಕಾರದಲ್ಲಿ ಕಟ್ಟಿದ. ಅದು ಸಂಜೆಯವರೆಗೆ ನಿಂತಿತು. ಗೈಡಿನ ಜಾಣ್ಮೆಯಿಂದ ಸಲಕರಣೆಯ ದೋಷ ಮುಚ್ಚಿಹೋಯಿತು ಎಂದು ಸಂತೋಷಪಡಬೇಕೋ, ಇಂಥ ಒಂದು ರಬ್ಬರಿನ ಮೇಲೆ ಮನುಷ್ಯರ ಎಲುಬನ್ನು ನಂಬಿಸಿ ಕಳಿಸಿದರಲ್ಲ ಎಂದು ಸಿಟ್ಟಾಗಬೇಕೋ ತಿಳಿಯಲಿಲ್ಲ. ಬಾಡಿಗೆಗೆ ಪಡೆಯುವವರು ಅಂಗಡಿಯಲ್ಲೇ ರಬ್ಬರನ್ನು ಎರಡೂ ಕೈಯಿಂದ ಎಳೆದು ನೋಡಬೇಕು. ಅದು ಸುಲಭವಾಗಿ ಹಿಗ್ಗಿದರೆ ಬೇರೆಯದನ್ನು ಕೇಳಬೇಕು.

ಕಾಡು ಮುಗಿದು ಬುಗಿಯಾಲ್ ಎಂಬ ಹುಲ್ಲುಗಾವಲು ತೆರೆದುಕೊಂಡಾಗ ಚೌಖಂಬಾ ಎದುರಿಗಿತ್ತು. 7,138 ಮೀಟರಿನ ಆ ಶಿಖರದ ನಾಲ್ಕು ಕಂಬಗಳೂ ಸ್ಪಷ್ಟವಾಗಿದ್ದವು, ತುದಿಯಿಂದ ಗಾಳಿ ಹಿಮವನ್ನು ಪತಾಕೆಯಂತೆ ಎಬ್ಬಿಸುತ್ತಿತ್ತು. ನಾವು ಐದು ನಿಮಿಷ ಮಾತಾಡಲಿಲ್ಲ. ಈ ದೃಶ್ಯಕ್ಕೆ ಅಂಕ ಕೊಡುವುದು ನನ್ನ ಕೆಲಸವಲ್ಲ, ಸೇವೆಯವರು ಅದನ್ನು ಮಾಡಿದ್ದೂ ಅಲ್ಲ. ಸೇವೆಗೆ ಸಂಬಂಧಪಟ್ಟದ್ದು ಕಣ್ಣಿನ ವಿಷಯ. ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಸುಮಾರು ಶೇ. 80ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ, ಪ್ರತಿ ಸಾವಿರ ಮೀಟರ್ ಏರಿದಂತೆ ಆ ಕಿರಣಗಳ ಬಿರುಸು ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಕಪ್ಪು ಕನ್ನಡಕವಿಲ್ಲದೆ ಇಡೀ ದಿನ ನಡೆದರೆ ರಾತ್ರಿ ಕಣ್ಣಿಗೆ ಮರಳು ಸುರಿದಂತೆ ಉರಿಯುತ್ತದೆ. ಕನ್ನಡಕ ಬಾಡಿಗೆಯ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಬಳಿ ಇದ್ದುದರಿಂದ ನಡೆಯಿತು. ಮುಖಕ್ಕೆ ಹಚ್ಚಿಕೊಂಡ ಸನ್‌ಸ್ಕ್ರೀನನ್ನು ಗಲ್ಲದ ಅಡಿಗೂ ಮೂಗಿನ ಹೊಳ್ಳೆಯ ಅಂಚಿಗೂ ಹಚ್ಚಿಕೊಳ್ಳಿ ಎಂದು ಗೈಡ್ ಹೇಳಿದಾಗ ನಾವು ನಕ್ಕೆವು. ನಾನು ಹಚ್ಚಿಕೊಳ್ಳಲಿಲ್ಲ. ಮೂರು ದಿನ ನನ್ನ ಗಲ್ಲದ ಅಡಿ ಸಿಪ್ಪೆ ಸುಲಿಯಿತು, ಬಿಸಿಲು ಕೆಳಗಿನಿಂದಲೂ ಬರುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ.

ಇನ್ನು ಎತ್ತರದ ಪ್ರಶ್ನೆ. ನನ್ನ ಮಟ್ಟಿಗೆ ಈ ಸೇವೆಯ ಅತಿ ದೊಡ್ಡ ಕೊರತೆ ಇದು. ಊಖೀಮಠ ಇರುವುದು ಸುಮಾರು 1,300 ಮೀಟರಿನಲ್ಲಿ. ಅಲ್ಲಿ ಮಲಗಿ ಎದ್ದವರನ್ನು ಅರ್ಧ ದಿನದಲ್ಲಿ ಮೂರೂವರೆ ಸಾವಿರ ಮೀಟರಿಗೂ ಮೇಲಕ್ಕೆ ಏರಿಸುವುದು ಎಲ್ಲರ ದೇಹಕ್ಕೂ ಒಗ್ಗುವ ಸಂಗತಿಯಲ್ಲ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ. ಹಿಂದಿನ ರಾತ್ರಿ ದುಗಲ್‌ಬಿಟ್ಟಾದಲ್ಲೋ ಚೋಪ್ತಾದಲ್ಲೋ ತಂಗಿದ್ದರೆ ದೇಹಕ್ಕೆ ಒಂದು ಮೆಟ್ಟಿಲು ಸಿಗುತ್ತಿತ್ತು, ಬೆಳಗಿನ ಜೀಪಿನ ಪಾಡೂ ಕಡಿಮೆಯಾಗುತ್ತಿತ್ತು. ಬುಗಿಯಾಲ್ ದಾಟುವಾಗ ಗೆಳತಿಗೆ ಹಣೆಯ ಎರಡೂ ಬದಿ ಬಿಗಿದಂತಾಯಿತು. ಅವಳು ಹೇಳಲಿಲ್ಲ, ಅವಳ ಹೆಜ್ಜೆ ಹೇಳಿತು. ಗೈಡ್ ನಿಲ್ಲಿಸಿ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ತೆಗೆದ. ಕೂಡಲೇ ಹಾಕದೆ, ಅವಳ ಕೈಯನ್ನು ಜಾಕೆಟ್ಟಿನೊಳಗೆ ಕಂಕುಳಲ್ಲಿ ಐದು ನಿಮಿಷ ಇಟ್ಟುಕೊಳ್ಳಲು ಹೇಳಿ, ಬೆರಳು ಬೆಚ್ಚಗಾದ ಮೇಲೆ ಹಾಕಿದ. ತಣ್ಣಗಿನ ಬೆರಳಿನಲ್ಲಿ ಅದು ಸುಳ್ಳು ಲೆಕ್ಕ ಹೇಳುತ್ತದಂತೆ. ಶೇ. 88 ತೋರಿಸಿತು. ‘ದೀದಿ, ತಲೆನೋವು ಹೆಚ್ಚಾದರೆ ಅಥವಾ ವಾಕರಿಕೆ ಬಂದರೆ ನನಗೆ ಹೇಳಬೇಕು. ನೀವು ಹೇಳಿದ ಕ್ಷಣ ಇಳಿಯುತ್ತೇವೆ, ಅದಕ್ಕೆ ಬೇರೆ ಔಷಧವಿಲ್ಲ’ ಎಂದ. ಬಿಸಿನೀರು ಕುಡಿಸಿ, ಹೆಜ್ಜೆಯ ವೇಗವನ್ನು ಅರ್ಧಕ್ಕೆ ಇಳಿಸಿದ. ನೋವು ಹೆಚ್ಚಲಿಲ್ಲ.

ಹನ್ನೆರಡೂಕಾಲಿಗೆ ತುಂಗನಾಥ. ಬೇಸಿಗೆಯ ಅಂಗಡಿಗಳ ತಗಡಿನ ಸೂರು ಮಾತ್ರ ಹಿಮದಿಂದ ಇಣುಕುತ್ತಿತ್ತು. ನಾವು ನಡೆದದ್ದು ಅವುಗಳ ಬಾಗಿಲಿನ ಎತ್ತರದಲ್ಲಿ. ಬಾಗಿಲು ಮುಚ್ಚಿದ ಗುಡಿ, ಹಿಮ ಹೊದ್ದ ನಂದಿ, ಗಂಟೆಯ ನಾಲಿಗೆಗೆ ಅಂಟಿದ ಮಂಜಿನ ಕಡ್ಡಿ. ಪಾಂಡವರಿಂದ ತಪ್ಪಿಸಿಕೊಂಡ ಶಿವನ ಬಾಹುಗಳು ಇಲ್ಲಿ ಕಾಣಿಸಿಕೊಂಡವೆಂದು ಕಥೆ. ಈ ಗುಡಿ 5ರಿಂದ 6 ಡಿಗ್ರಿ ವಾಲಿದೆಯೆಂದು ಪುರಾತತ್ತ್ವ ಇಲಾಖೆಯ ಅಧ್ಯಯನ ಹೇಳಿದ್ದು 2023ರಲ್ಲಿ ಸುದ್ದಿಯಾಗಿತ್ತು. ನಾನು ಕೋಲನ್ನು ಗಾರೆಯವರ ತೂಗುಗುಂಡಿನಂತೆ ಎರಡು ಬೆರಳಲ್ಲಿ ತೂಗುಬಿಟ್ಟು ಒಂದು ಕಣ್ಣು ಮುಚ್ಚಿ ನೋಡಿದೆ. ಗಾಳಿಗೆ ಕೋಲೇ ವಾಲುತ್ತಿತ್ತು. ನಾವು ಮೂವರಲ್ಲದೆ ಅಲ್ಲಿ ಇದ್ದುದು ಒಂದು ಜೋಡಿ ಕಾಗೆ.

ಬುತ್ತಿಯಲ್ಲಿ ಆಲೂ ಪರೋಟ, ಉಪ್ಪಿನಕಾಯಿ, ಬೆಲ್ಲದ ಚೂರು, ಬೇಯಿಸಿದ ಮೊಟ್ಟೆ. ನಮ್ಮ ಪರೋಟಗಳು ಚೀಲದ ಹೊರಗಿನ ಜೇಬಿನಲ್ಲಿದ್ದು ಹಲಗೆಯಾಗಿದ್ದವು. ಗೈಡ್ ತನ್ನ ಪಾಲನ್ನು ಸ್ವೆಟರಿನೊಳಗೆ ಹೊಟ್ಟೆಗೆ ಆನಿಸಿ ತಂದಿದ್ದ. ತನ್ನದನ್ನು ನಮಗೆ ಕೊಟ್ಟು ನಮ್ಮದನ್ನು ತಾನು ತಿಂದ. ನೀರಿನ ಬಾಟಲಿಗಳನ್ನು ಬೆಳಿಗ್ಗೆಯೇ ಅವನು ಬುಡ ಮೇಲಾಗಿ ಚೀಲಕ್ಕೆ ತುರುಕಿದ್ದಕ್ಕೂ ಕಾರಣ ಅಲ್ಲಿ ತಿಳಿಯಿತು: ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ತಲೆಕೆಳಗಾಗಿದ್ದರೆ ಹೆಪ್ಪು ಬುಡದಲ್ಲಿ ಉಳಿದು ಬಾಯಿ ತೆರೆದಿರುತ್ತದೆ. ಇಂಥವು ಯಾವ ಸಂದೇಶದಲ್ಲೂ ಇರಲಿಲ್ಲ. ನಾವು ಹಣ ಕೊಟ್ಟದ್ದು ನಿಜವಾಗಿ ಇದಕ್ಕೆ.

ಚಂದ್ರಶಿಲಾ ನೆತ್ತಿಯ ಮೇಲೆಯೇ ಇತ್ತು. ಆಕಾಶ ಶುಭ್ರ, ಗಾಳಿ ಹದ, ಗೆಳತಿಯ ತಲೆನೋವು ಇಳಿದಿತ್ತು. ಇನ್ನೊಂದು ಗಂಟೆ ತಾನೇ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಗೈಡ್ ಉತ್ತರಿಸದೆ ಗುಡಿಯ ಹಿಂದಿನ ಇಳಿಜಾರಿನವರೆಗೆ ನಡೆದು, ಕೋಲನ್ನು ತಿರುಗಿಸಿ ಹಿಡಿಯ ಕಡೆಯಿಂದ ಹಿಮಕ್ಕೆ ಒತ್ತಿದ. ಮೊದಲ ಒಂದು ಅಡಿ ಹಿಟ್ಟಿಗೆ ಇಳಿದಂತೆ ಇಳಿಯಿತು. ಆಮೇಲೆ ಟಕ್ ಎಂದು ನಿಂತಿತು. ಇನ್ನೂ ಮೂರು ಕಡೆ ಒತ್ತಿದ, ಮೂರು ಕಡೆಯೂ ಹಾಗೆಯೇ. ನನ್ನನ್ನು ಕರೆದು ನನ್ನ ಕೈಯಿಂದಲೂ ಒತ್ತಿಸಿದ. ಎರಡು ದಿನದ ಹಿಂದೆ ಬಿದ್ದ ಹೊಸ ಹಿಮ ಹಳೆಯ ಗಟ್ಟಿ ಪದರಕ್ಕೆ ಇನ್ನೂ ಅಂಟಿಕೊಂಡಿಲ್ಲ, ಬೆಳಗಿನಿಂದ ಬಿಸಿಲು ತಿಂದಿದೆ, ಇಲ್ಲಿನ ಇಳಿಜಾರು ಹಿಮ ಜಾರುವುದಕ್ಕೆ ಹೇಳಿ ಮಾಡಿಸಿದಂತಿದೆ ಎಂದ. ಹಿಮಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿ ಓರೆಯಲ್ಲಿ ಆಗುತ್ತವೆ. ಅದಕ್ಕಿಂತ ತೀರ ಕಡಿದಾದ ಕಡೆ ಹಿಮ ಹೆಚ್ಚು ನಿಲ್ಲುವುದಿಲ್ಲ, ಅದಕ್ಕಿಂತ ಸಮತಟ್ಟಾದ ಕಡೆ ಅದು ಸುಲಭವಾಗಿ ಜಾರುವುದಿಲ್ಲ. ನಮ್ಮ ಮುಂದಿದ್ದದ್ದು ಈ ಎರಡರ ನಡುವೆ ಇತ್ತು. ‘ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿದ್ದಿದ್ದರೆ ನೋಡುತ್ತಿದ್ದೆ. ಈಗ ಇಲ್ಲ, ದೀದಿ.’

ನಾವು ವಾದಿಸಿದೆವು, ಅದನ್ನು ಮುಚ್ಚಿಡುವುದಿಲ್ಲ. ‘ನಿಮ್ಮವರು ಖಚಿತ ಅಂತ ಬರೆದಿದ್ದರು’ ಎಂದು ಫೋನ್ ತೆಗೆದು ತೋರಿಸಿದವಳು ನಾನೇ. ಅವನು ಅದನ್ನು ಓದಿ, ಸ್ವಲ್ಪ ನಾಚಿಕೊಂಡಂತೆ ನಕ್ಕು, ಫೋನನ್ನು ಹಿಂದಕ್ಕೆ ಕೊಟ್ಟು ಚೀಲ ಹೆಗಲಿಗೇರಿಸಿದ. ಕೋಪವಿಲ್ಲ, ಸಮಜಾಯಿಷಿಯೂ ಇಲ್ಲ. ಅವನ ದಿನಗೂಲಿ, ಅವನ ಮುಂದಿನ ವಾರದ ಕೆಲಸ ಎರಡೂ ಅಂಗಡಿಯ ಮಾಲೀಕರ ಕೈಯಲ್ಲಿದೆ. ಗಿರಾಕಿ ಕೆಳಗಿಳಿದು ದೂರಿದರೆ ಕೇಳಿಸಿಕೊಳ್ಳಬೇಕಾದವನು ಅವನೇ. ಅಂಥವನ ಬಾಯಿಂದ ಬಂದ ‘ಇಲ್ಲ’ ಎಂಬ ಎರಡಕ್ಷರಕ್ಕೆ 3,200 ರೂಪಾಯಿ ಹೆಚ್ಚಲ್ಲ ಎಂದು ನಾನು ಈಗ ಬರೆಯುತ್ತೇನೆ, ಆಗ ಮುಖ ಗಂಟು ಹಾಕಿಕೊಂಡು ಇಳಿದೆ.

ಇಳಿಯುವುದು ಏರುವುದಕ್ಕಿಂತ ಕಷ್ಟ. ಮೆತ್ತಗಾದ ಹಿಮ ಮುಳ್ಳುಗಳ ಸರಪಳಿಗೆ ಅಂಟಿ ಬೂಟಿನಡಿ ಉಂಡೆ ಕಟ್ಟುತ್ತದೆ, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದಂತೆ ಪಾದ ಹೊರಳುತ್ತದೆ. ಹತ್ತು ಹೆಜ್ಜೆಗೊಮ್ಮೆ ಕೋಲಿನಿಂದ ಬೂಟಿನ ಮಗ್ಗುಲಿಗೆ ಕುಟ್ಟಿ ಉದುರಿಸಬೇಕು. ನನ್ನ ಎಡ ಹಿಮ್ಮಡಿಯ ಬೊಬ್ಬೆ ಬುಗಿಯಾಲಿನಲ್ಲೇ ಒಡೆದಿತ್ತು. ಗೈಡಿನ ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಬ್ಯಾಂಡೇಜ್ ಇತ್ತು, ಆದರೆ ಒದ್ದೆ ಚರ್ಮಕ್ಕೆ ಅದು ಅಂಟಲಿಲ್ಲ; ಗೆಳತಿ ತನ್ನ ಪರ್ಸಿನಿಂದ ತೆಗೆದ ಬಿಳಿ ಬಟ್ಟೆಯ ಪ್ಲಾಸ್ಟರ್ ಅಂಟಿತು. ಚೋಪ್ತಾಕ್ಕೆ ಮೂರೂಕಾಲು, ಜೀಪಿಗೆ ನಾಲ್ಕೂಕಾಲು. ಚಾಲಕ ಹೀಟರ್ ಹಾಕಿ ಕಾಯುತ್ತಿದ್ದ.

ಹೆಂಗಸರಿಗಾಗಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಗಂಡಸರು ಬರೆದ ಅಭಿಪ್ರಾಯಗಳಲ್ಲಿ ನನಗೆ ಇದು ಸಿಕ್ಕಿರಲಿಲ್ಲ. ಬನಿಯಾಕುಂಡದಿಂದ ತುಂಗನಾಥದವರೆಗೆ ಹೋಗಿಬರುವ ಒಂಬತ್ತು ಗಂಟೆಯಲ್ಲಿ ನಮಗೆ ಸಿಕ್ಕಿದ್ದು ಚಹಾದಂಗಡಿಯ ಹಿಂದಿನ ಒಂದೇ ಶೌಚಾಲಯ, ಅದರ ಕೊಳಾಯಿಯಲ್ಲಿ ನೀರು ಹೆಪ್ಪುಗಟ್ಟಿತ್ತು. ಬುಗಿಯಾಲಿನಲ್ಲಿ ಮರೆ ಎಂಬುದೇ ಇಲ್ಲ. ಇದಕ್ಕೆ ಹೆದರಿ ನೀರು ಕುಡಿಯದೆ ನಡೆಯುವವರು ಇರುತ್ತಾರೆ, ನಾನೂ ಬೆಳಿಗ್ಗೆ ಹಾಗೆಯೇ ಮಾಡಿದೆ. ಒಣ ಗಾಳಿಯ ಆ ಎತ್ತರದಲ್ಲಿ ಅದು ಸರಿಯಲ್ಲ. ಗೈಡ್ ಅದನ್ನು ಗಮನಿಸಿ, ಕಾಡು ಮುಗಿಯುವ ಮೊದಲು ‘ನಾನು ಮುಂದಿನ ತಿರುವಿನಲ್ಲಿ ಹತ್ತು ನಿಮಿಷ ಕೂರುತ್ತೇನೆ’ ಎಂದಷ್ಟೇ ಹೇಳಿ ಮುಂದೆ ಹೋದ. ಸಂಸ್ಥೆಯವರು ಇದನ್ನು ಮೊದಲೇ ಎರಡು ಸಾಲಿನಲ್ಲಿ ತಿಳಿಸಿದ್ದರೆ ಒಂದು ಮುಜುಗರ ಕಡಿಮೆಯಾಗುತ್ತಿತ್ತು. ಅರಣ್ಯ ಇಲಾಖೆಯ ಪ್ರವೇಶ ಶುಲ್ಕ, ಚಹಾ, ಗೈಡಿಗೆ ಕೊಡುವ ಭಕ್ಷೀಸು ಇವು ಹೇಳಿದ ಬೆಲೆಯಲ್ಲಿ ಸೇರಿಲ್ಲ ಎಂಬುದನ್ನೂ ನಾವು ಅಲ್ಲಿ ಹೋದ ಮೇಲೆ ತಿಳಿದೆವು.

ಮರುದಿನ ಬೆಳಿಗ್ಗೆ ಸಲಕರಣೆ ಹಿಂದಿರುಗಿಸಲು ಹೋದಾಗ ಮಾಲೀಕರು, ಶಿಖರ ಆಗಲಿಲ್ಲವಂತೆ, ಬೇಕಿದ್ದರೆ ತಲಾ ಐನೂರು ಹಿಂದಕ್ಕೆ ಕೊಡುತ್ತೇನೆ ಎಂದರು. ನಾವು ಬೇಡವೆಂದೆವು. ಅದು ದೊಡ್ಡತನದಿಂದಲ್ಲ. ಶಿಖರ ಮುಟ್ಟದಿದ್ದರೆ ಹಣ ವಾಪಸು ಎಂಬ ಕರಾರು ಗಿರಾಕಿಗೆ ನ್ಯಾಯವಾಗಿ ಕಂಡರೂ, ಇನ್ನೊಂದು ದಿನ ಇನ್ನೊಬ್ಬರ ಜೊತೆ ಅದೇ ಇಳಿಜಾರಿನ ಬುಡದಲ್ಲಿ ನಿಂತು ಕೋಲು ಒತ್ತುವ ಹುಡುಗನ ಮನಸ್ಸಿನಲ್ಲಿ ಆ ಐನೂರು ರೂಪಾಯಿ ಇರಬಾರದು. ಬದಲಿಗೆ ‘ಖಚಿತ’ ಎಂಬುದನ್ನು ತೆಗೆದು ‘ಹಿಮದ ಸ್ಥಿತಿ ನೋಡಿ, ಗೈಡಿನ ತೀರ್ಮಾನದಂತೆ’ ಎಂದು ಬರೆಯಿರಿ ಎಂದು ಕೇಳಿಕೊಂಡೆವು. ಅವರು ಆಗಲಿ ಎಂದರು. ಹಾಗೆ ಬರೆದರೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂದೂ ಹೇಳಿದರು. ಅದರಲ್ಲಿ ಸುಳ್ಳೇನಿಲ್ಲ, ನಾವೂ ಆ ಪದವನ್ನು ನೋಡಿಯೇ ಅವರಲ್ಲಿಗೆ ಹೋದವರು.

ಮುಂದಿನ ವರ್ಷ ನಾವು ಮತ್ತೆ ಹೋಗುವುದಾದರೆ ಗೈಡ್ ಅವನೇ ಬೇಕು, ಹಿಂದಿನ ರಾತ್ರಿ ದುಗಲ್‌ಬಿಟ್ಟಾದಲ್ಲಿ ತಂಗುತ್ತೇವೆ, ಚೋಪ್ತಾವನ್ನು ಬೆಳಕು ಹರಿಯುವ ಮುನ್ನ ಬಿಡುತ್ತೇವೆ. ಗೇಟರ್ ಮತ್ತು ಕೋಲು ಅವರಿಂದ, ಬೂಟು ಮತ್ತು ಮೈಕ್ರೋಸ್ಪೈಕ್ ನಮ್ಮವು. ಅಂಗಡಿಯ ಮೇಜಿನ ಮೇಲೆ ಬಂದವರ ಅಭಿಪ್ರಾಯ ಬರೆಯುವ ಒಂದು ಪುಸ್ತಕವಿತ್ತು. ಗೆಳತಿ ಅದರಲ್ಲಿ ಗೈಡಿನ ಬಗ್ಗೆ ಹಿಂದಿಯಲ್ಲಿ ಅರ್ಧ ಪುಟ ಬರೆದಳು. ನಾನು ಅದರ ಕೆಳಗೆ ‘ನಾಲ್ಕು ಮತ್ತು ಐದನೇ ಅಳತೆಯ ಹೆಂಗಸರ ಬೂಟು ತರಿಸಿ’ ಎಂದು ಬರೆದೆ, ಅಭ್ಯಾಸಬಲದಿಂದ ಕನ್ನಡದಲ್ಲಿ. ಮಾಲೀಕರು ಅದನ್ನು ತಿರುಗಿಸಿ ನೋಡಿ, ಏನೋ ಹೊಗಳಿಕೆಯಿರಬೇಕೆಂದು ಕೈಮುಗಿದರು. ಗೆಳತಿ ಓದಿ ಹೇಳಿದ ಮೇಲೆ ಪೆನ್ನು ತೆಗೆದುಕೊಂಡು ಪಕ್ಕದಲ್ಲಿ ‘4, 5’ ಎಂದು ಬರೆದು ಸುತ್ತ ಗೆರೆ ಹಾಕಿದರು.